ಕಾದಂಬರಿ ಮೊದಲೋ, ಆತ್ಮಕಥೆ ಮೊದಲೋ?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಕಾದಂಬರಿ, ಆತ್ಮಕಥೆಗಳ ಬಗ್ಗೆಯೇ ಇವೆ. ಒಂದೇ ಬಗೆಯವನ್ನು ಕೂಡಿಸಿ ಉತ್ತರಿಸಿದ್ದೇವೆ. ಕಥೆಯ ಕೊನೆ ಬಯಲಾಗುವ ಕಡೆ ಮೊದಲೇ ಎಚ್ಚರಿಸಿದ್ದೇವೆ.

‘ಗೃಹಭಂಗ’ ಮುಗಿಸಿದ ಮೇಲೆ ಎರಡು ದಿನ ಊಟ ಸೇರಲಿಲ್ಲ. ಈಗ ‘ಭಿತ್ತಿ’ ತಂದಿಟ್ಟುಕೊಂಡಿದ್ದೇನೆ. ಎರಡರಲ್ಲೂ ಇರುವುದು ಒಂದೇ ಕಥೆ ಅನ್ನುತ್ತಾರೆ. ಹಾಗಿದ್ದರೆ ‘ಭಿತ್ತಿ’ಯನ್ನೇ ಮೊದಲು ಓದಬೇಕಿತ್ತೇ? — ಓದುಗರು, ತಿಪಟೂರು

ಇಲ್ಲ, ನೀವು ಓದಿದ ಕ್ರಮವೇ ಸರಿ. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಬಂದದ್ದು 1970ರಲ್ಲಿ, ‘ಭಿತ್ತಿ’ 1996ರಲ್ಲಿ. ಅವರು ಹುಟ್ಟಿದ್ದು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ, ತಾಯಿಯನ್ನು ಕಳೆದುಕೊಂಡದ್ದು ಪ್ಲೇಗಿನಲ್ಲಿ. ಆ ನೆಲ, ಆ ರೋಗ ಎರಡೂ ಪುಸ್ತಕಗಳಲ್ಲಿವೆ. ಆದರೆ ಕಥೆ ಒಂದೇ ಅನ್ನುವವರು ನಂಜಮ್ಮನನ್ನು ಮರೆತಿದ್ದಾರೆ. ಕಾದಂಬರಿ ಅವಳದು. ಶಾನುಭೋಗಿಕೆ ಗಂಡ ಚೆನ್ನಿಗರಾಯನ ಹೆಸರಿನಲ್ಲಿ. ಲೆಕ್ಕದ ಪುಸ್ತಕಕ್ಕೆ ಗೆರೆ ಹಾಕಿ, ಅಂಕಿ ಕೂಡಿಸಿ, ಬರೆದು ಮುಗಿಸುವವಳು ಅವಳು. ಅದೂ ಸಾಲದೆಂದು ಮುತ್ತುಗದ ಎಲೆ ಹಚ್ಚುತ್ತಾಳೆ. ಮಕ್ಕಳು ಮಲಗಿದ ಮೇಲೆ ಅವಳೊಬ್ಬಳೇ ಕೂತು ಏನು ಲೆಕ್ಕ ಹಾಕುತ್ತಿದ್ದಳು ಎಂಬುದನ್ನು ಕಾದಂಬರಿಕಾರ ಒಳಹೊಕ್ಕು ಹೇಳಬಲ್ಲ. ಆತ್ಮಕಥೆ ಬರೆಯುವ ಮಗನಿಗೆ ಆ ಅವಕಾಶವಿಲ್ಲ. ಅವನು ಕಂಡದ್ದನ್ನು ಹೇಳಬೇಕು, ಇಲ್ಲವೇ ಯಾರೋ ಹೇಳಿದ್ದು ಅಂತ ಒಪ್ಪಿಕೊಂಡು ಹೇಳಬೇಕು.

‘ಭಿತ್ತಿ’ಯನ್ನು ಮೊದಲು ಓದಿದವರಿಗೆ ಆಗುವ ತೊಂದರೆಯೇ ಬೇರೆ. ಕಾದಂಬರಿ ಹಿಡಿದ ಕೂಡಲೇ ‘ಇವರು ಇಂಥವರು’, ‘ಇದು ಆ ಘಟನೆ’ ಅಂತ ಗುರುತು ಹಚ್ಚುವುದಕ್ಕೆ ಕೂರುತ್ತಾರೆ. ನಂಜಮ್ಮನ ಅತ್ತೆ ಗಂಗಮ್ಮನ ಬೈಗುಳ ಕಿವಿಗೆ ಬೀಳುವ ಬದಲು ಅವಳ ಮೂಲ ಯಾರು ಎಂಬ ಪತ್ತೇದಾರಿಕೆ ಶುರುವಾಗುತ್ತದೆ. ಹೋಲಿಸಲೇಬೇಕು ಅಂತಿದ್ದರೆ, ಕಾದಂಬರಿ ಒಂದು ಇಡೀ ಅಧ್ಯಾಯ ಕೊಟ್ಟದ್ದನ್ನು ಆತ್ಮಕಥೆ ಎಲ್ಲಿ ನಾಲ್ಕು ಸಾಲಿನಲ್ಲಿ ದಾಟಿಸಿದೆ ನೋಡಿ. ಹಾಗೆ ದಾಟಿಸಿದ ಜಾಗಗಳಲ್ಲಿ ಲೇಖಕರಿಗೆ ಹೇಳುವುದು ಕಾದಂಬರಿಯಲ್ಲೇ ಮುಗಿದಿರುತ್ತದೆ.

ಕಾದಂಬರಿಯ ಕೊನೆಗೆ ನಂಜಮ್ಮನ ಮಗ ವಿಶ್ವ ಮಹಾದೇವಯ್ಯನವರ ಜತೆ ಊರು ಬಿಡುತ್ತಾನೆ. ‘ಭಿತ್ತಿ’ಯ ದೊಡ್ಡ ಪಾಲು ಅಲ್ಲಿಂದಾಚೆಗಿನದು: ವಾರಾನ್ನ, ಮುಂಬಯಿ ರೈಲು ನಿಲ್ದಾಣದ ಕೂಲಿ, ತತ್ತ್ವಶಾಸ್ತ್ರದ ಓದು. ಹಸಿವಿನ ಪುಟಗಳಿಗೆ ಸಾಟಿಯಿಲ್ಲ. ಸಾಹಿತ್ಯ ವಲಯದ ಜಗಳಗಳಿಗೆ ಬಂದಾಗ ಮಾತ್ರ ಬರವಣಿಗೆ ಸಡಿಲವಾಗುತ್ತದೆ. ಎದುರು ಪಕ್ಷದವರ ವಾದವನ್ನೂ ಲೇಖಕರೇ ಮಂಡಿಸಿ, ತಾವೇ ಉತ್ತರ ಕೊಟ್ಟು, ತಾವೇ ಗೆಲ್ಲುತ್ತಾರೆ. ಅಲ್ಲಿ ಬೇಗ ಬೇಗ ಪುಟ ತಿರುವಿದರೆ ನಷ್ಟವಿಲ್ಲ.

ನಾವು ಆರು ಜನ ಸೇರಿ ‘ಮಲೆಗಳಲ್ಲಿ ಮದುಮಗಳು’ ಓದುತ್ತಿದ್ದೇವೆ. ನೂರು ಪುಟ ದಾಟುವಷ್ಟರಲ್ಲಿ ಯಾರು ಯಾವ ಮನೆಯವರು ಎಂಬುದೇ ಕಲಸಿಹೋಯಿತು. ಇಬ್ಬರು ಆಗಲೇ ಕೈಬಿಟ್ಟಿದ್ದಾರೆ. ಏನಾದರೂ ದಾರಿ? — ಕನ್ನಡ ಓದುಗರ ಗುಂಪು, ಪುಣೆ

ದಾರಿ ಇದೆ. ಜನರ ಪಟ್ಟಿ ಮಾಡಬೇಡಿ, ಮನೆಗಳ ಪಟ್ಟಿ ಮಾಡಿ. ಒಂದು ದೊಡ್ಡ ಹಾಳೆಯಲ್ಲಿ ಐದು ಚೌಕ ಎಳೆಯಿರಿ. ಸಿಂಬಾವಿ: ಭರಮೈಹೆಗ್ಗಡೆ. ಅವರ ಜೀತದಾಳು ಗುತ್ತಿ, ಗುತ್ತಿಯ ನಾಯಿ ಹುಲಿಯ. ಬೆಟ್ಟಳ್ಳಿ: ಕಲ್ಲಯ್ಯಗೌಡರು, ಪಾದ್ರಿಯ ಕಡೆಗೆ ವಾಲುವ ಮಗ ದೇವಯ್ಯ. ಗುತ್ತಿ ಹಾರಿಸಿಕೊಂಡು ಹೋಗಲು ಬರುವ ತಿಮ್ಮಿ ಇರುವುದೂ ಬೆಟ್ಟಳ್ಳಿಯಲ್ಲೇ. ಹಳೆಮನೆ: ಸುಬ್ಬಣ್ಣಹೆಗ್ಗಡೆ, ತಿರುಪತಿಗೆ ಹೋದವನು ತಿರುಗಿ ಬಾರದ ಮಗ ದೊಡ್ಡಣ್ಣ, ಅವನಿಗಾಗಿ ಕಾಯುತ್ತ ಹುಚ್ಚಿ ಎನಿಸಿಕೊಂಡ ಹೆಂಡತಿ ರಂಗಮ್ಮ. ಕೋಣೂರು: ರಂಗಪ್ಪಗೌಡರು, ತಮ್ಮ ಮುಕುಂದಯ್ಯ, ಅವನ ಬೆನ್ನಿಗೆ ನಿಲ್ಲುವ ಐತ ಮತ್ತು ಪೀಂಚಲು. ಹೂವಳ್ಳಿ: ವೆಂಕಪ್ಪನಾಯಕ, ಮಗಳು ಚಿನ್ನಮ್ಮ. ನೂರು ಪುಟದಷ್ಟು ಸಾಗುವುದಕ್ಕೆ ಇಷ್ಟು ಸಾಕು. ಆಮೇಲೆ ಬರುವ ಹೊಸ ಹೆಸರನ್ನು ಈ ಚೌಕಗಳಲ್ಲಿ ಒಂದಕ್ಕೆ ಸೇರಿಸಿ. ಯಾವುದಕ್ಕೂ ಸೇರದವರನ್ನು ನಡುವೆ, ದಾರಿಯ ಮೇಲೆ ಬರೆಯಿರಿ. ಮೇಗರವಳ್ಳಿಯ ಕಡೆಯವರು, ಘಟ್ಟದ ತಗ್ಗಿನಿಂದ ಬಂದವರು ಅಲ್ಲಿಗೆ ಸೇರುತ್ತಾರೆ.

ಗುಂಪಿನಲ್ಲಿ ಈಗ ನಾಲ್ವರಿದ್ದೀರಿ ಅಂತಾಯಿತು. ಒಬ್ಬೊಬ್ಬರು ಒಂದೊಂದು ಮನೆ ವಹಿಸಿಕೊಳ್ಳಿ, ಐದನೆಯದನ್ನು ಹಂಚಿಕೊಳ್ಳಿ. ಸೇರಿದಾಗ ತಂತಮ್ಮ ಮನೆಯಲ್ಲಿ ಈ ವಾರ ಏನಾಯಿತು ಅಂತ ವರದಿ ಒಪ್ಪಿಸಬೇಕು. ಬಿಟ್ಟುಹೋದ ಇಬ್ಬರನ್ನು ಹೂವಳ್ಳಿ, ಕೋಣೂರು ಕೊಟ್ಟು ಕರೆದುಕೊಳ್ಳಿ. ಪ್ರೇಮಕಥೆ ಅಲ್ಲಿದೆ, ಮತ್ತೆ ಓಡಿಹೋಗಲಾರರು. ಪುಸ್ತಕ ಏಳುನೂರು ಪುಟಗಳ ಆಸುಪಾಸಿನದು. ದಿನಕ್ಕೆ ಇಪ್ಪತ್ತು ಪುಟ ಓದಿದರೂ ಒಂದು ತಿಂಗಳ ಮೇಲೆ ಬೇಕು. ತಿಂಗಳಿಗೊಂದು ಪುಸ್ತಕ ಎಂಬ ಕಟ್ಟುಪಾಡನ್ನು ಇದೊಂದಕ್ಕೆ ಸಡಿಲಿಸಿ.

ಬಹಳ ಜನ ನಿಲ್ಲಿಸಿಬಿಡುವುದು ಹೆಸರು ನೆನಪಿರದೆ ಅಲ್ಲ, ನಾಯಕ ಸಿಗದೆ. ಗುತ್ತಿಯ ಹಿಂದೆ ಹೊರಡುತ್ತೇವೆ, ಅಷ್ಟರಲ್ಲಿ ಕಥೆ ಅವನನ್ನು ಬಿಟ್ಟು ಬೇರೆ ಮನೆಯ ಜಗಲಿ ಹತ್ತಿರುತ್ತದೆ. ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’ ಅಂತ ಕುವೆಂಪು ಮೊದಲ ಪುಟಕ್ಕೂ ಮೊದಲೇ ಹೇಳಿಬಿಟ್ಟಿದ್ದಾರೆ. ಅದನ್ನು ಅಲಂಕಾರದ ಮಾತು ಅಂದುಕೊಂಡು ಮುಂದೆ ಹೋದವರೇ ದಾರಿ ತಪ್ಪುವುದು. ಅದು ಈ ಪುಸ್ತಕ ಓದುವ ಕ್ರಮ. ನಾಯಿ ಹುಲಿಯನನ್ನೂ ಪಾತ್ರಗಳ ಲೆಕ್ಕಕ್ಕೆ ಸೇರಿಸಿ, ಏಕೆಂದು ಕೊನೆಯಲ್ಲಿ ತಿಳಿಯುತ್ತದೆ. ಅರ್ಥವಾಗದ ಮಲೆನಾಡಿನ ಮಾತು ಸಿಕ್ಕಾಗಲೆಲ್ಲ ನಿಘಂಟಿಗೆ ಓಡಬೇಡಿ. ಅದೇ ವಸ್ತು ಹತ್ತು ಪುಟದಾಚೆ ಯಾರದೋ ಕೈಯಲ್ಲಿ ಬಂದಾಗ ತಾನೇ ತಿಳಿಯುತ್ತದೆ.

‘ಘಾಚರ್ ಘೋಚರ್’ ಕೊನೆಗೆ ಏನಾಯಿತು? ನಮ್ಮ ಮನೆಯಲ್ಲಿ ಮೂವರು ಓದಿ ಮೂರು ಕೊನೆ ಹೇಳುತ್ತಿದ್ದೇವೆ. — ಓದುಗರು, ಬೆಂಗಳೂರು

ಓದಿಲ್ಲದವರು ದಯವಿಟ್ಟು ಮುಂದಿನ ಪ್ರಶ್ನೆಗೆ ಹೋಗಿ.

ಏನಾಯಿತು ಎಂಬುದನ್ನು ವಿವೇಕ ಶಾನಭಾಗರು ಹೇಳಿಲ್ಲ, ಆದರೆ ಸಾಕ್ಷಿಗಳನ್ನೆಲ್ಲ ಒದಗಿಸಿದ್ದಾರೆ. ಮೊದಲನೆಯದು ಇರುವೆ. ಹಳೆಯ ಚಿಕ್ಕ ಮನೆಯಲ್ಲಿ ಇರುವೆ ಕೊಲ್ಲುವುದು ಆ ಕುಟುಂಬಕ್ಕೆ ಕೆಲಸವಾಗಿ ಶುರುವಾಗಿ ಖುಷಿಯಾಗುತ್ತದೆ. ಎರಡನೆಯದು ಚಿಕ್ಕಪ್ಪನನ್ನು ಹುಡುಕಿಕೊಂಡು ಬಾಗಿಲಿಗೆ ಬರುವ ಹೆಂಗಸು. ಅವನಿಗೆ ಇಷ್ಟವೆಂದು ಮಸೂರ ಬೇಳೆಯ ಅಡುಗೆ ಮಾಡಿ ತಂದಿರುತ್ತಾಳೆ. ಮನೆಯ ಹೆಂಗಸರು ಅವಳ ಮೇಲೆ ಬೀಳುವ ರೀತಿ ನೋಡಿ. ದುಡಿದು ಹಾಕುವವನು ಚಿಕ್ಕಪ್ಪ, ಸೋನಾ ಮಸಾಲಾ ಕಂಪನಿ ನಡೆಸುವವನು ಅವನೇ. ಅವನು ಒಳಗಿನಿಂದ ಹೊರಗೆ ಬರುವುದೇ ಇಲ್ಲ, ಉಳಿದವರೆಲ್ಲ ಸೇರಿ ಅವನನ್ನು ಕಾಯುತ್ತಾರೆ. ಇದು ತಪ್ಪು ಅಂತ ಬಾಯಿ ಬಿಟ್ಟು ಹೇಳುವವಳು ಸೊಸೆ ಅನಿತಾ ಒಬ್ಬಳೇ. ಮೂರನೆಯದು ಮನೆಮಂದಿಯೆಲ್ಲ ಸೇರಿದಾಗ ಕೊಲೆಯ ಬಗ್ಗೆ ತಮಾಷೆ ಎಂಬಂತೆ ನಡೆಯುವ ಮಾತು. ನಾಲ್ಕನೆಯದು ಕಾಫಿ ಹೌಸಿನಲ್ಲಿ ನಿರೂಪಕನ ಕೈಗೆ ಹತ್ತಿದ ರಕ್ತ, ಅದನ್ನು ಗಮನಿಸುವ ಅಲ್ಲಿನ ವೇಟರ್ ವಿನ್ಸೆಂಟ್.

ಹಾಗಾಗಿ ನಿಮ್ಮ ಮನೆಯ ವಾದ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಬೇಕು. ಅನಿತಾಳಿಗೆ ಏನಾಯಿತು ಎಂಬುದಕ್ಕಿಂತ, ಇಷ್ಟೆಲ್ಲ ಗೊತ್ತಿರುವ ಗಂಡ ಎದ್ದು ಏಕೆ ಹೋಗುವುದಿಲ್ಲ ಎಂಬುದೇ ಹೆಚ್ಚು ಕಾಡುವ ಪ್ರಶ್ನೆ. ಇಡೀ ಕಥೆಯನ್ನು ನಮಗೆ ಇಷ್ಟು ಸಭ್ಯವಾಗಿ, ಸಮಾಧಾನವಾಗಿ ಹೇಳುತ್ತಿರುವವನು ಅವನೇ. ಒಂದೇ ಕೂರಿಗೆ ಮುಗಿಯುವ ಪುಸ್ತಕ. ಎರಡನೆಯ ಸಲ ಓದುವಾಗ ಅವನು ‘ನಾವು’ ಅನ್ನುವ ಜಾಗಗಳಿಗೆಲ್ಲ ಪೆನ್ಸಿಲ್ ಗುರುತು ಹಾಕುತ್ತ ಹೋಗಿ. ಆ ‘ನಾವು’ ಒಳಗೆ ಅನಿತಾ ಎಷ್ಟು ಸಲ ಇದ್ದಾಳೆ ನೋಡಿ.

‘ಗೌರ್ಮೆಂಟ್ ಬ್ರಾಹ್ಮಣ’ ಓದಿದ ಬೆನ್ನಿಗೆ ‘ಊರುಕೇರಿ’ ಓದಿದೆ. ಇದು ಹಗುರ ಅನಿಸಿತು. ಅಷ್ಟು ಕಷ್ಟವನ್ನು ನಗಿಸುತ್ತ ಹೇಳಬೇಕಿತ್ತೇ? — ಓದುಗರು, ರಾಯಚೂರು

‘ಊರುಕೇರಿ’ಯ ಶುರುವನ್ನು ಇನ್ನೊಮ್ಮೆ ನೋಡಿ. ಹೊಲದಲ್ಲಿ ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಇನ್ನೊಬ್ಬ ಉಳುತ್ತಿದ್ದಾನೆ. ಎತ್ತಿನ ಜಾಗದಲ್ಲಿ ಮನುಷ್ಯರು ನಡೆಯುವ ನೋಟ ಹುಡುಗನಿಗೆ ಸೋಜಿಗ. ಆ ಇಬ್ಬರಲ್ಲಿ ಒಬ್ಬ ಅವನ ಅಪ್ಪ. ಸಿದ್ಧಲಿಂಗಯ್ಯನವರು ಇದರ ಮೇಲೆ ವ್ಯಾಖ್ಯಾನ ಹೂಡುವುದಿಲ್ಲ. ಹುಡುಗ ಕಂಡಷ್ಟನ್ನೇ ಇಟ್ಟು ಮುಂದೆ ನಡೆಯುತ್ತಾರೆ. ನಗು ಬರುವುದು ಆ ಚಿತ್ರ ಕಣ್ಣಿಗೆ ಕಟ್ಟಿದ ಮೇಲೆ, ಅದನ್ನು ಅಳಿಸುವುದಕ್ಕಲ್ಲ. ಡಿ.ಆರ್. ನಾಗರಾಜ್ ಈ ಪುಸ್ತಕದ ಸಂದರ್ಭದಲ್ಲಿ ‘ಬಡವರ ನಗುವಿನ ಶಕ್ತಿ’ ಎಂದದ್ದು ಸುಮ್ಮನೆ ಅಲ್ಲ. ಇಲ್ಲಿ ದೆವ್ವ, ಪೊಲೀಸರು, ರಾಜಕಾರಣಿ, ಹಾಸ್ಟೆಲಿನ ಊಟ, ಸ್ವತಃ ಕವಿ ಎಲ್ಲರೂ ನಗೆಗೆ ಸಿಕ್ಕುತ್ತಾರೆ. ಕೇರಿಯವರನ್ನು ಕನಿಕರದಿಂದ ನೋಡುವ ಹಕ್ಕನ್ನು ಈ ನಗು ಓದುಗನಿಂದ ಕಿತ್ತುಕೊಳ್ಳುತ್ತದೆ.

ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994) ಬೇರೆ ಜಾಯಮಾನದ್ದು. ಅದು ಬಾಳನ್ನು ಉದ್ದಕ್ಕೆ ಹೇಳುವುದಿಲ್ಲ. ಬಿಡಿ ಬಿಡಿ ಘಟನೆಗಳನ್ನು ಎತ್ತಿಕೊಂಡು, ಒಂದೊಂದನ್ನೂ ಬಿಚ್ಚಿ ಇದರ ಹಿಂದಿನ ಲೆಕ್ಕಾಚಾರ ಏನು ಅಂತ ಕೇಳುತ್ತದೆ. ಅದನ್ನು ಓದಿದ ಬಿಸಿಯಲ್ಲೇ ‘ಊರುಕೇರಿ’ ಹಿಡಿದರೆ ಹಗುರ ಅನಿಸುವುದು ಸಹಜ. ನಡುವೆ ಒಂದೆರಡು ವಾರ ಬಿಡಬೇಕು. ಇನ್ನೊಂದು ಮಾತು: ‘ಊರುಕೇರಿ’ ಮೂರು ಭಾಗಗಳಲ್ಲಿದೆ. ಕಸುವೆಲ್ಲ ಮೊದಲ ಭಾಗದಲ್ಲಿದೆ. ಮುಂದಿನವುಗಳಲ್ಲಿ ಹೆಸರಾಂತರ ಭೇಟಿ, ಸಭೆ, ಪ್ರವಾಸದ ತುಣುಕುಗಳು ಹೆಚ್ಚುತ್ತವೆ. ಬಿಡುವಿನಲ್ಲಿ ಓದಿಕೊಳ್ಳಬಹುದು.

ಐತಿಹಾಸಿಕ ಕಾದಂಬರಿ ಓದುವಾಗ ಲೇಖಕರು ಕಾಲವನ್ನು ಸರಿಯಾಗಿ ಹಿಡಿದಿದ್ದಾರೋ ಇಲ್ಲವೋ ಅಂತ ನಮ್ಮಂಥ ಸಾಮಾನ್ಯ ಓದುಗರು ಕಂಡುಕೊಳ್ಳುವುದು ಹೇಗೆ? ‘ತೇಜೋ ತುಂಗಭದ್ರಾ’ ಬಗ್ಗೆ ನಿಮ್ಮ ಅಭಿಪ್ರಾಯವೇನು? — ಓದುಗರು, ಹೊಸಪೇಟೆ

ಯುದ್ಧ, ಪಟ್ಟಾಭಿಷೇಕಗಳಲ್ಲಿ ತಪ್ಪು ಸಿಗುವುದು ಅಪರೂಪ, ಅವನ್ನು ಎಲ್ಲರೂ ನೋಡಿಕೊಂಡೇ ಬರೆಯುತ್ತಾರೆ. ನೀವು ಅಡುಗೆಮನೆಗೆ ಹೋಗಿ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498. ಅದಕ್ಕೂ ಹಿಂದಿನ ಕಥೆಯಲ್ಲಿ ಯಾರಾದರೂ ಮೆಣಸಿನಕಾಯಿ ಮುರಿದು ಒಗ್ಗರಣೆಗೆ ಹಾಕಿದರೆ ಲೇಖಕರು ಮರೆತಿದ್ದಾರೆ ಎಂದರ್ಥ. ಆಗಿನ ಖಾರವೆಲ್ಲ ಕರಿಮೆಣಸು, ಹಿಪ್ಪಲಿ, ಶುಂಠಿಯದು. ಆಲೂಗಡ್ಡೆ, ಟೊಮೆಟೊ, ಕಡಲೆಕಾಯಿ, ಗೋಡಂಬಿ, ಪರಂಗಿ, ಅನಾನಸ್, ಹೊಗೆಸೊಪ್ಪು ಇವೂ ಅಮೆರಿಕ ಖಂಡದಿಂದ ಆಮೇಲೆ ಬಂದವು. ಮುಂದಿನದು ಹಣ. ಕೃಷ್ಣದೇವರಾಯನ ಪೇಟೆಯಲ್ಲಿ ವರಹ, ಹೊನ್ನು, ಪಣ ಓಡಾಡಬೇಕು. ಶೇರ್ ಷಾ ಬೆಳ್ಳಿಯ ರೂಪಾಯಿ ಟಂಕಿಸಿದ್ದು ಆ ರಾಯ ತೀರಿಕೊಂಡು ಹತ್ತು ವರ್ಷ ಕಳೆದ ಮೇಲೆ. ಆಮೇಲೆ ಹೊತ್ತು. ‘ಐದು ನಿಮಿಷ ಕಾದ’ ಅಂತ ಬಂದರೆ ಅನುಮಾನಿಸಿ. ಗಳಿಗೆ ಅಂದರೆ 24 ನಿಮಿಷ, ದಿನಕ್ಕೆ 60 ಗಳಿಗೆ. ಇಷ್ಟು ತಿಳಿದಿದ್ದರೆ ಅರ್ಧಕ್ಕರ್ಧ ತಪ್ಪು ಸಿಕ್ಕಿಬೀಳುತ್ತವೆ. ಹಾಗೆ ಸಿಕ್ಕ ಒಂದು ಮೆಣಸಿನಕಾಯಿಗೆ ಇಡೀ ಪುಸ್ತಕವನ್ನು ತಳ್ಳಿಹಾಕುವುದೂ ತಪ್ಪೇ. ಪಾತ್ರಗಳು ಯೋಚಿಸುವ ರೀತಿ ಆ ಕಾಲದ್ದಾಗಿದೆಯೇ ಎಂಬುದೇ ದೊಡ್ಡ ಪರೀಕ್ಷೆ. ಹದಿನಾರನೆಯ ಶತಮಾನದ ಹೆಂಗಸು ಇವತ್ತಿನ ಸಂಪಾದಕೀಯದ ಮಾತು ಆಡತೊಡಗಿದರೆ ಊಟದ ತಟ್ಟೆಯಲ್ಲಿ ಎಲ್ಲ ಸರಿಯಿದ್ದೂ ಪ್ರಯೋಜನವಿಲ್ಲ.

ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ಆಯ್ದುಕೊಂಡ ಕಾಲವೇ ದೊಡ್ಡ ಬಲ. ಪೋರ್ಚುಗಲ್ಲಿನಲ್ಲಿ ಯೆಹೂದಿಗಳನ್ನು 1497ರಲ್ಲಿ ಬಲವಂತದಿಂದ ಮತಾಂತರಿಸಿದರು, 1506ರಲ್ಲಿ ಲಿಸ್ಬನ್ನಿನಲ್ಲಿ ಕಗ್ಗೊಲೆ ನಡೆಯಿತು. 1509ರಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದ. 1510ರಲ್ಲಿ ಅಲ್ಬುಕರ್ಕ್ ಗೋವೆ ಹಿಡಿದ. ಲಿಸ್ಬನ್ನಿನ ತೇಜೋ, ವಿಜಯನಗರದ ತುಂಗಭದ್ರಾ ಎಂಬ ಎರಡು ನದಿ, ಎರಡು ಊರು, ಎರಡೂ ಕಡೆ ಧರ್ಮದ ಹೆಸರಿನಲ್ಲಿ ಜೀವ ತೆಗೆಯುವ ಕಟ್ಟಳೆ. ಬೆಲ್ಲಾಳಿಗೆ ಮಾತು ಕೊಟ್ಟು ಹಡಗು ಹತ್ತುವ ಗೇಬ್ರಿಯಲ್‌ನ ಲಿಸ್ಬನ್ ಭಾಗ ಬಿಗಿಯಾಗಿದೆ. ತುಂಗಭದ್ರೆಯ ಕಡೆ ಲೆಂಕತನ (ಒಡೆಯನಿಗಾಗಿ ಪ್ರಾಣ ಕೊಡುವುದು), ಸಹಗಮನಗಳ ವಿವರ ಒಮ್ಮೊಮ್ಮೆ ಕಥೆಗಿಂತ ಮುಂದೆ ಓಡುತ್ತದೆ. ಆಚರಣೆಯನ್ನು ತೋರಿಸುವುದಕ್ಕೆಂದೇ ಒಂದು ಪಾತ್ರ ಬಂತೇ ಎಂಬ ಅನುಮಾನ ಮೂಡುತ್ತದೆ. ಹಾಗಿದ್ದೂ ಕೆಳಗಿಡುವುದು ಕಷ್ಟ. ಹೊಸಪೇಟೆಯವರು ನೀವು, ಓದಿ ಮುಗಿಸಿ ಹಂಪಿಯ ಕಡೆ ಹೋದರೆ ಸತಿಕಲ್ಲು, ವೀರಗಲ್ಲುಗಳ ಮುಂದೆ ನಿಂತು ನೋಡದೆ ಬರಲಾರಿರಿ.

ನಮ್ಮೂರ ಗ್ರಂಥಾಲಯದಲ್ಲಿ ‘ಮತ್ತೊಬ್ಬನ ಆತ್ಮಚರಿತ್ರೆ’, ‘ಅಜ್ಞಾತನೊಬ್ಬನ ಆತ್ಮಚರಿತ್ರೆ’ ಎರಡನ್ನೂ ಆತ್ಮಕಥೆಗಳ ಕಪಾಟಿನಲ್ಲಿಟ್ಟಿದ್ದಾರೆ. ಸರಿಯೇ? — ಓದುಗರು, ಶಿರಸಿ

ಎರಡೂ ಕಾದಂಬರಿಗಳು. ಮೊದಲನೆಯದು ಎ.ಕೆ. ರಾಮಾನುಜನ್ ಅವರದು, ಎರಡನೆಯದು ಕೃಷ್ಣಮೂರ್ತಿ ಹನೂರರದು. ಹೋಗಿ ಹೇಳಿ, ಜಾಗ ಬದಲಿಸುತ್ತಾರೆ. ಬದಲಿಸದಿದ್ದರೂ ರಾಮಾನುಜನ್‌ರ ಕೀಟಲೆ ಫಲಿಸಿತು ಅಂದುಕೊಳ್ಳಿ.

‘ಸುರಗಿ’ಯನ್ನು ಅನಂತಮೂರ್ತಿಯವರು ಹೇಳಿದರು, ಜ.ನಾ. ತೇಜಶ್ರೀ ಬರೆದುಕೊಂಡರು. ಬಿ.ವಿ. ಕಾರಂತರ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ಯನ್ನು ಬರೆದದ್ದು ವೈದೇಹಿ. ಇನ್ನೊಬ್ಬರು ಬರೆದದ್ದನ್ನು ಆತ್ಮಕಥೆ ಅನ್ನಬಹುದೇ? — ಓದುಗರು, ಉಡುಪಿ

ಧಾರಾಳವಾಗಿ ಅನ್ನಬಹುದು. ಓದುವಾಗ ಮಾತ್ರ ಎರಡು ಕೈಗಳ ಕೆಲಸ ಅಂತ ನೆನಪಿರಲಿ. ಹೇಳಿ ಬರೆಸಿದ್ದರಲ್ಲಿ ಆಗುವ ಎಡವಟ್ಟುಗಳು ಗೊತ್ತಿರುವಂಥವೇ. ಸಭೆಗಳಲ್ಲಿ ಹತ್ತಾರು ಸಲ ಹೇಳಿ ನುಣುಪಾದ ಪ್ರಸಂಗಗಳು ಮೊದಲು ಬರುತ್ತವೆ, ಹೇಳಿಯೇ ಇಲ್ಲದ ಸಂಗತಿ ಹಿಂದೆ ಉಳಿಯುತ್ತದೆ. ಇಸವಿಗಳು ಹಿಂದೆ ಮುಂದೆ ಆಗುತ್ತವೆ. ಕೇಳಿದವರ ಪ್ರಶ್ನೆಗಳನ್ನು ತೆಗೆದುಹಾಕಿದ್ದರಿಂದ ಮಾತು ಏಕೆ ಇದ್ದಕ್ಕಿದ್ದಂತೆ ತಿರುಗಿತು ಎಂಬುದು ತಿಳಿಯುವುದಿಲ್ಲ. ಆದ್ದರಿಂದ ಬರೆದುಕೊಂಡವರ ಮುನ್ನುಡಿಯನ್ನು ಬಿಡದೆ ಓದಿ. ಎಷ್ಟು ಕಾಲ ಕೂತು ಕೇಳಿದರು, ಹೇಗೆ ಜೋಡಿಸಿದರು ಎಂಬುದು ಅಲ್ಲಿ ಸಿಗುತ್ತದೆ. ಜತೆಗೆ ನಾಲ್ಕಾರು ಗಟ್ಟಿ ಇಸವಿಗಳನ್ನು ಕೈಯಲ್ಲಿಟ್ಟುಕೊಳ್ಳಿ. ಕಾರಂತರ ವಿಷಯದಲ್ಲಾದರೆ ‘ಚೋಮನ ದುಡಿ’ ಚಿತ್ರ 1975, ದೆಹಲಿಯ ನಾಟಕ ಶಾಲೆಯ ನಿರ್ದೇಶಕರಾದದ್ದು 1977, ಮೈಸೂರಿನ ರಂಗಾಯಣ 1989. ನೆನಪು ಎತ್ತ ಹರಿದರೂ ಈ ಇಸವಿಗಳ ಆಸರೆಯಲ್ಲಿ ಕಾಲ ತಿಳಿಯುತ್ತದೆ.

ಕಾರಂತರ ಪುಸ್ತಕ ಗೆದ್ದಿರುವುದು ವೈದೇಹಿ ಅವರ ಮಾತಿನ ಓಟವನ್ನು ನೇರ ಮಾಡಲು ಹೋಗದ್ದರಿಂದ. ಮನೆ ಬಿಟ್ಟು ಓಡಿದ ಹುಡುಗ, ಗುಬ್ಬಿ ಕಂಪನಿ, ಕಾಶಿ, ದೆಹಲಿ ಎಲ್ಲವೂ ನಿಂತಲ್ಲಿ ನಿಲ್ಲದ ಮನುಷ್ಯನ ದನಿಯಲ್ಲೇ ಬರುತ್ತವೆ. ತಾನೇ ಕೈಯಾರೆ ಬರೆದ ಪುಸ್ತಕದ ಬಿಸಿ ಹೇಗಿರುತ್ತದೆ ಎಂದು ಹೋಲಿಸಿ ನೋಡಲು ವಿಜಯಮ್ಮನವರ ‘ಕುದಿ ಎಸರು’ ತೆಗೆದುಕೊಳ್ಳಿ. 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂತು. ಮದುವೆಯೊಳಗಿನ ಹಿಂಸೆಯನ್ನು ಬರೆಯುವಾಗ ಅವರು ಯಾರ ಮುಖವನ್ನೂ ನೋಡುತ್ತ ಕೂತಿಲ್ಲ. ಎದುರಿಗೊಬ್ಬರು ಕೂತು ಕೇಳುತ್ತಿದ್ದರೆ ಆ ಪುಟಗಳು ಹೀಗೇ ಬರುತ್ತಿದ್ದವೇ ಎಂಬುದು ಅನುಮಾನ.

ಕಾರ್ನಾಡರ ‘ಆಡಾಡತ ಆಯುಷ್ಯ’ ಅರ್ಧಕ್ಕೇ ನಿಂತ ಹಾಗಿದೆಯಲ್ಲ? — ಓದುಗರು, ಧಾರವಾಡ

ಹೌದು, ಎಪ್ಪತ್ತರ ದಶಕದ ಆಚೆಗೆ ಹೆಚ್ಚು ಹೋಗುವುದಿಲ್ಲ. ಆದರೆ ಶುರುವಿನಲ್ಲೇ ಇರುವ ಅರ್ಪಣೆಯ ಪ್ರಸಂಗಕ್ಕೆ ಸಾಟಿಯಾದದ್ದು ಕನ್ನಡದ ಆತ್ಮಕಥೆಗಳಲ್ಲಿ ಇನ್ನೊಂದಿಲ್ಲ. ಹೊಟ್ಟೆಯಲ್ಲಿದ್ದ ಕೂಸು ಬೇಡವೆಂದು ತಾಯಿ ಪುಣೆಯ ಡಾ. ಮಧುಮಾಲತಿ ಗುಣೆ ಅವರ ಆಸ್ಪತ್ರೆಗೆ ಹೋಗಿದ್ದರು. ಡಾಕ್ಟರು ಬರಲಿಲ್ಲ, ಕಾದು ಹಿಂದಿರುಗಿದರು. ಪುಸ್ತಕ ಆ ಡಾಕ್ಟರಿಗೆ ಅರ್ಪಿತ. ತಾಯಿಯ ಮೊದಲ ವೈಧವ್ಯ, ನರ್ಸಿನ ಕೆಲಸ, ಮರುಮದುವೆ ಇವನ್ನು ಹೇಳುವಾಗಲೂ ಇದೇ ನಿರ್ಭಾವುಕತೆ. ಆ ಪುಟಗಳನ್ನು ಮೊದಲು ಓದಿ, ನಾಟಕ-ಸಿನಿಮಾದ ಸುದ್ದಿ ಆಮೇಲೆ.

ನಾ ವಿಜಯಪುರದಾಕಿ. ‘ಕುಸುಮಬಾಲೆ’ ಮೂರು ಸಲ ಹಿಡದೆ, ಒಂದು ಪುಟಾನೂ ತಲಿಗೆ ಹತ್ತಲಿಲ್ಲ. ಬಿಟ್ಟಬಿಡ್ಲೇನು? — ಓದುಗರು, ವಿಜಯಪುರ

ಬಿಡಬೇಡಿ, ಬಾಗಿಲು ಬದಲಿಸಿ. ದೇವನೂರ ಮಹಾದೇವರ ‘ಒಡಲಾಳ’ ಮೊದಲು ಓದಿ. ಸಾಕವ್ವನ ಹುಂಜ ಕಳೆದುಹೋಗಿದೆ, ಅದನ್ನು ಹುಡುಕುತ್ತಿದ್ದಾಳೆ. ಇಷ್ಟು ಎಳೆ ಹಿಡಿದರೆ ಸಾಕು, ನಂಜನಗೂಡಿನ ಕಡೆಯ ಮಾತು ಕಿವಿಗೆ ಕೂರುತ್ತದೆ. ಆ ಸೀಮೆಯ ಮಾತಿನಲ್ಲಿ ಹಕಾರ ಬಿದ್ದುಹೋಗುತ್ತದೆ, ಹಾಲು ‘ಆಲು’ ಆಗುತ್ತದೆ, ಬಿಡು ‘ಬುಡು’ ಆಗುತ್ತದೆ. ಕಣ್ಣಿನಲ್ಲಿ ಓದಿದರೆ ತೊಡಕು, ಗಟ್ಟಿಯಾಗಿ ಓದಿದರೆ ಅರ್ಧ ಸಲೀಸು. ಆಮೇಲೆ ‘ಕುಸುಮಬಾಲೆ’ಗೆ ಬನ್ನಿ. ದಿನಕ್ಕೆ ನಾಲ್ಕೈದು ಪುಟಕ್ಕಿಂತ ಹೆಚ್ಚು ಬೇಡ. ರಾತ್ರಿ ಮನೆಮನೆಯ ದೀಪದ ಜೋತಮ್ಮಂದಿರು ಸೇರಿ ತಂತಮ್ಮ ಮನೆಯ ಸುದ್ದಿ ಹೇಳಿಕೊಳ್ಳುವ ಭಾಗ ಬಂದಾಗ ಅದನ್ನು ಯಾರಿಗಾದರೂ ಓದಿ ಹೇಳಿ. ಅಲ್ಲಿ ಹತ್ತಿದರೆ ಮುಂದಿನದು ತಡೆಯಲ್ಲ. ದಕ್ಷಿಣದ ಓದುಗರೂ ಶ್ರೀನಿವಾಸ ವೈದ್ಯರ ‘ಹಳ್ಳ ಬಂತು ಹಳ್ಳ’ದ ನವಲಗುಂದದ ಮಾತಿಗೆ ಹೀಗೇ ತೊಡರುತ್ತಾರೆ, ಅವರಿಗೂ ಇದೇ ಮದ್ದು.

ಓದಿದ ಪುಸ್ತಕದ ಬಗ್ಗೆ ಒಂದು ಪುಟ ಅಭಿಪ್ರಾಯ ಬರೆಯಬೇಕೆಂದು ಕೂತರೆ ‘ಮನ ಮುಟ್ಟಿತು’ ಬಿಟ್ಟು ಬೇರೇನೂ ಹೊಳೆಯುವುದಿಲ್ಲ. — ಓದುಗರು, ಕಾಸರಗೋಡು

ಮುಗಿಸಿದ ಮೇಲೆ ಕೂತರೆ ಹಾಗೇ ಆಗುತ್ತದೆ. ಓದುವಾಗಲೇ ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಪುಟದ ಸಂಖ್ಯೆ, ಎದುರಿಗೆ ಎರಡೇ ಮಾತು ಬರೆಯುತ್ತ ಹೋಗಿ. ಗ್ರಂಥಾಲಯದ ಪುಸ್ತಕವಾದರೆ ಒಂದು ಚೀಟಿ ಇಟ್ಟುಕೊಳ್ಳಿ. ಮುನ್ನೂರು ಪುಟದ ಪುಸ್ತಕಕ್ಕೆ ಹದಿನೈದು ಗುರುತು ಸಾಕು. ಎಲ್ಲಿ ಬೇಸರವಾಯಿತು ಎಂಬುದನ್ನೂ ಗುರುತಿಸಿ, ಅಭಿಪ್ರಾಯಕ್ಕೆ ಜೀವ ಬರುವುದು ಅಲ್ಲಿಂದ. ಬರೆಯುವಾಗ ಕಥಾಸಾರಕ್ಕೆ ಐದು ಸಾಲಿಗಿಂತ ಹೆಚ್ಚು ಕೊಡಬೇಡಿ. ಒಂದು ದೃಶ್ಯ ಆರಿಸಿ, ಅದನ್ನು ಯಾರು ನೋಡುತ್ತಿದ್ದಾರೆ, ಲೇಖಕರು ಅಲ್ಲಿ ಏನು ಹೇಳದೆ ಬಿಟ್ಟಿದ್ದಾರೆ ಅಂತ ಬರೆಯಿರಿ. ಕಾಸರಗೋಡಿನವರಿಗೆ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಹತ್ತಿರದ ಪುಸ್ತಕ. ಹೊಳೆಯ ಆಚೆ ಈಚೆಯ ಜಾಗಗಳು ನಿಮಗೆ ಗೊತ್ತಿರುತ್ತವೆ. ಅದರಿಂದಲೇ ಶುರು ಮಾಡಿ, ಒಂದು ಪುಟ ಮೀರದಂತೆ ಬರೆದು ಕಳಿಸಿ. ‘ಮನ ಮುಟ್ಟಿತು’ ಎಂಬ ಮಾತು ಒಂದು ಸಲ ಬಂದರೆ ಪರವಾಗಿಲ್ಲ.